ಮಾವನಿಗೊಂದು ಜನರೇಟರ್

ಈ ಚಳಿಗಾಲ ತಾನು ಕೆರೆಗೆ ಇಳಿಯುವುದಿಲ್ಲ ಎಂದು ನಮ್ಮ ಮಾವ ಆರ್ವಿಡ್ ಘೋಷಿಸಿದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ. ನಾನು ಬಾಣಲೆಯಲ್ಲಿ ಅವರ ಮೊಟ್ಟೆ ಮಗುಚುತ್ತಿದ್ದೆ. ಅವರು ಕಿಟಕಿಯಾಚೆ ನೋಡುತ್ತ, ಸಕ್ಕರೆಯೇ ಹಾಕದ ಕಾಫಿಯನ್ನು ಸುಮ್ಮನೆ ಚಮಚದಲ್ಲಿ ಕಲಕುತ್ತಿದ್ದರು. ಆಚೆ ಅಂಗಳದಲ್ಲಿ ಅವರ ಮೀನುಮನೆ ನಿಂತಿತ್ತು. ಜಾರುಪಟ್ಟಿಗಳ ಮೇಲೆ ಕೂರಿಸಿದ, ಹಸಿರು ಬಣ್ಣ ಬಳಿದ ಒಂದು ಮರದ ಕೋಣೆ; ಇಬ್ಬರು ಮಂಡಿಗೆ ಮಂಡಿ ತಾಗಿಸಿ ಕೂರುವಷ್ಟು ಜಾಗ, ನೆಲದಲ್ಲಿ ಎರಡು ತೂತು. ಕೆರೆ ಹೆಪ್ಪುಗಟ್ಟಿದ ಮೇಲೆ ಅದನ್ನು ಎಳೆದೊಯ್ದು ಮಂಜುಗಡ್ಡೆಯ ಮೇಲಿಟ್ಟು, ತೂತಿನ ಕೆಳಗೆ ಗಡ್ಡೆ ಕೊರೆದು, ಗಾಳ ಇಳಿಬಿಟ್ಟು ಕೂರುವುದು. ಮಿನ್ನೆಸೋಟದ ಈ ಉತ್ತರದ ಮೂಲೆಯಲ್ಲಿ ಚಳಿಗಾಲ ಎಂದರೆ ಅದೇ. ಉಳಿದದ್ದೆಲ್ಲ ಹಿಮ ಬಾಚುವ ಕೆಲಸ.

"ಯಾಕೆ ಮಾವ?" ಅಂದೆ.

"ಸಾಕು ಕಣಮ್ಮ ಡೊರೀನ್. ಎಷ್ಟು ವರ್ಷ ಅಂತ ಹಿಡೀತಾ ಕೂರೋದು. ಮೀನುಗಳಿಗೂ ನನ್ನ ಮುಖ ನೋಡಿ ನೋಡಿ ಬೇಜಾರಾಗಿರತ್ತೆ."

ಅದು ಸುಳ್ಳೆಂದು ಅವರ ಮೂಗಿನಲ್ಲಿದ್ದ ಕೊಳವೆಯೇ ಹೇಳುತ್ತಿತ್ತು. ಎಲೆ ಉದುರುವ ಕಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಜೊತೆಗೆ ಆಕ್ಸಿಜನ್ ಯಂತ್ರವೂ ಬಂತು. ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಗುಯ್ ಎನ್ನುತ್ತ ಗಾಳಿಯನ್ನು ಶೋಧಿಸಿ ಅವರ ಮೂಗಿಗೆ ಕಳಿಸುತ್ತದೆ. ಹೊರಗೆ ಹೋಗಲು ಹೆಗಲಿಗೆ ತೂಗುಹಾಕುವ ಪುಟ್ಟ ಸಿಲಿಂಡರ್ ಇದೆ, ಆದರೆ ಅದು ಚರ್ಚಿಗೆ ಹೋಗಿ ಬರುವುದಕ್ಕೆ ಸಾಕಷ್ಟೆ. ಮೀನು ಹಿಡಿಯುವುದೆಂದರೆ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕೂರಬೇಕು. ನಮ್ಮ ಕೆರೆಯ ವಾಲೈ ಮೀನು ಸೂರ್ಯ ಮುಳುಗುವ ತನಕ ಗಾಳದ ಕಡೆ ತಿರುಗಿಯೂ ನೋಡುವುದಿಲ್ಲ.

ಡಾಕ್ಟರು ಹೋಗಬೇಡಿ ಎಂದಿರಲಿಲ್ಲ. ಯಂತ್ರ ನಡೆಯುತ್ತಿರಬೇಕು, ಸಿಲಿಂಡರ್ ಪಕ್ಕದಲ್ಲಿರಬೇಕು, ಆಕ್ಸಿಜನ್ ಹತ್ತಿರ ಬೆಂಕಿ ಇರಕೂಡದು ಎಂದಿದ್ದರು. ಹಾಗಾಗಿ ಮಾವ ಹಳೆಯ ಹಾಲಿನ ಕ್ಯಾನಿನಿಂದ ತಾವೇ ಮಾಡಿಕೊಂಡಿದ್ದ ಸೌದೆ ಒಲೆಯನ್ನು ಮೀನುಮನೆಯಿಂದ ಕಿತ್ತು ಹಾಕಬೇಕಿತ್ತು. ಬೆಂಕಿ ಡಬ್ಬಿಯೊಳಗೇ ಉರಿದು, ಬಿಸಿಗಾಳಿ ಮಾತ್ರ ಹೊರಗೆ ಬರುವ ಹೀಟರ್ ಹಾಕಬೇಕು. ಅದರ ಫ್ಯಾನಿಗೂ ಕರೆಂಟ್ ಬೇಕು. ಕೆರೆಯ ಮಧ್ಯದಲ್ಲಿ ಕರೆಂಟ್ ಕಂಬ ಎಲ್ಲಿಂದ ಬರಬೇಕು?

"ಒಂದು ಜನರೇಟರ್ ತಗೊಂಡ್ರೆ ಆಯ್ತಪ್ಪ," ಅಂದೆ.

ನಾನು ಅವರ ಮುಂದೆ ಏನೋ ಹೊಲಸು ಮಾತಾಡಿದೆ ಎಂಬಂತೆ ಮಾವ ನನ್ನ ಮುಖ ನೋಡಿದರು.

"ಆ ಪೀಡೆ ನನ್ನ ಮನೆ ಪಕ್ಕ ನಿಲ್ಲೋದಾ? ಬೇರೆ ಮಾತಾಡು."

ಇದಕ್ಕೊಂದು ಹಿನ್ನೆಲೆ ಇದೆ. ನಾವು ಮೀನು ಹಿಡಿಯುವ ಕೆರೆಯ ಮೂಲೆಯಾದ ಬರ್ಚ್ ಕೊಲ್ಲಿಯಲ್ಲಿ ಜನರೇಟರ್ ಸದ್ದು ಕೂಡದು ಎಂದು ಕಟ್ಟಳೆ ಮಾಡಿದವರೇ ನಮ್ಮ ಮಾವ. ಅದು ಎಲ್ಲೂ ಬರೆದಿಟ್ಟದ್ದಲ್ಲ, ಯಾವ ಸಭೆಯೂ ಒಪ್ಪಿದ್ದಲ್ಲ. ಮಾವ ಹೇಳಿದರು, ಜನ ಬಾಯಿ ಮುಚ್ಚಿಕೊಂಡು ಕೇಳಿದರು. ಸದ್ದು ಗಡ್ಡೆಯೊಳಗೆ ಇಳಿದು ಮೀನು ಓಡಿಸುತ್ತದೆ ಎಂಬುದು ಅವರ ವಾದ. ಟಿವಿ ಬೇಕು, ಹಾಡು ಬೇಕು ಎನ್ನುವವರೆಲ್ಲ ಕೆರೆಯ ಆಚೆ ದಡಕ್ಕೆ ಹೋದರು. ಕೊಲ್ಲಿಯಲ್ಲಿ ಉಳಿದದ್ದು ಬ್ಯಾಟರಿ ಲಾಟೀನಿನ ಬೆಳಕಿನಲ್ಲಿ ಮೌನವಾಗಿ ಕೂರುವ ಒಂದು ಸಾಲು ಮನೆಗಳು.

ಆ ಸಾಲಿನಲ್ಲಿ ಎಲ್ರಾಯ್ ಎಂಬಾತನ ಮನೆಯೂ ಇದೆ. ಶಾಲಾ ಬಸ್ಸು ಓಡಿಸುತ್ತಾನೆ, ಮಾವನಿಗಿಂತ ಒಂದು ತಲೆಮಾರು ಚಿಕ್ಕವನು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವನೊಮ್ಮೆ ಫುಟ್‌ಬಾಲ್ ಪಂದ್ಯ ನೋಡಲು ದೊಡ್ಡ ಜನರೇಟರ್ ತಂದು ಶುರು ಮಾಡಿದ್ದ. ಮಾವ ಗಡ್ಡೆಯ ಮೇಲೆ ನಡೆದುಕೊಂಡು ಹೋಗಿ ಅದನ್ನು ಆರಿಸಿ ಬಂದರು. ಅವನು ಮತ್ತೆ ಶುರು ಮಾಡಿದ. ಮಾವ ಮತ್ತೆ ಹೋಗಿ ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡು, "ಗಡ್ಡೆ ಕರಗಿದ ಮೇಲೆ ಬಂದು ಇಸ್ಕೊ," ಎಂದರು. ಗಡ್ಡೆ ಕರಗಿದ ಮೇಲೆ ಅವನು ಬಂದ, ಇವರು ಕೊಟ್ಟರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಎದುರಾದರೆ ಗಲ್ಲ ಒಂಚೂರು ಮೇಲೆತ್ತುವುದು, ಅಷ್ಟೇ. ಆದರೂ ಎಲ್ರಾಯ್ ಪ್ರತಿ ವರ್ಷ ತನ್ನ ಮನೆಯನ್ನು ಮಾವನ ಮನೆಯ ಪಕ್ಕದಲ್ಲೇ ತಂದು ನಿಲ್ಲಿಸುತ್ತಾನೆ. ಯಾಕೆಂದು ಯಾರಾದರೂ ಕೇಳಿದರೆ, ಅಲ್ಲಿ ಮೀನಿದೆ ಎನ್ನುತ್ತಾನೆ.

ಈಗ ಅದೇ ಎಲ್ರಾಯ್ ಮುಂದೆ ಮಾವ ಜನರೇಟರ್ ಹಚ್ಚಬೇಕು. ಅದಕ್ಕಿಂತ ಮನೆಯಲ್ಲಿ ಕೂತು ಕಾಫಿ ಕಲಕುವುದೇ ಮೇಲು ಎಂದು ಅವರು ತೀರ್ಮಾನಿಸಿದ್ದರು. ಬೆಳಗಿನಿಂದ ಸಂಜೆವರೆಗೆ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ಊಟ ಕಡಿಮೆಯಾಯಿತು. ನನ್ನ ಅಡುಗೆಯಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟರು, ನನಗೆ ನಿಜವಾಗಿ ಭಯವಾದದ್ದು ಆಗಲೇ. ನನ್ನ ಸ್ವಂತ ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದ. ಈ ಹಠಮಾರಿ ಮುದುಕನೇ ನನಗೆ ಅಪ್ಪ, ಅವರೆಂದರೆ ನನಗೆ ಪ್ರಾಣ. ಒಂದು ಚಳಿಗಾಲ ಹೀಗೆ ಕುರ್ಚಿಯಲ್ಲಿ ಕಳೆದರೆ ಇನ್ನೊಂದು ಚಳಿಗಾಲ ಅವರಿಗೆ ಬರುವುದಿಲ್ಲ ಎಂದು ನನಗೆ ಖಂಡಿತ ಅನ್ನಿಸಿತ್ತು. ನನಗೆ ಹೆದರಿಕೆಯಾದರೆ ಸಿಟ್ಟೂ ಬರುತ್ತದೆ.

"ನಾನು ಮೇವಿಸ್ ಅಂಗಡಿಗೆ ಹೋಗ್ತಿದ್ದೀನಿ. ಜನರೇಟರ್ ತಗೊಂಡೇ ಬರೋದು. ನಿಮ್ಮನ್ನ ಕರೀತಿಲ್ಲ," ಎಂದು ಕೋಟು ಹಾಕಿಕೊಂಡೆ.

"ಮರಿಮೀನು ಹೆಂಗಿದೆ ನೋಡ್ಬೇಕಿತ್ತು," ಎಂದು ಮಾವ ಎದ್ದರು.

ಕೆರೆಗೇ ಇಳಿಯದವರಿಗೆ ಗಾಳಕ್ಕೆ ಸಿಕ್ಕಿಸುವ ಮರಿಮೀನು ಯಾಕೆ ಎಂದು ನಾನು ಕೇಳಲಿಲ್ಲ. ಆಕ್ಸಿಜನ್ ಯಂತ್ರವನ್ನೂ ಟ್ರಕ್ಕಿಗೆ ಹಾಕಿಕೊಂಡೆ.

ಮೇವಿಸ್ ಮೊಳೆಯಿಂದ ಹಿಡಿದು ಮರಿಮೀನಿನವರೆಗೆ ಎಲ್ಲವನ್ನೂ ಮಾರುವವಳು. ನಾನು ಜನರೇಟರ್ ಕೇಳಿದ ಕೂಡಲೇ, ಮಾವನ ಮೂಗಿನ ಕೊಳವೆ ನೋಡಿಯೂ ನೋಡದವಳಂತೆ, "ಏನ್ ಆರ್ವಿಡ್, ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಇವತ್ತು? ಜನರೇಟರ್ ಬೇಕಂತೆ," ಎಂದಳು.

"ನಂಗಲ್ಲ. ಇವಳಿಗೆ," ಎಂದರು ಮಾವ.

ಮೂರು ಜನರೇಟರ್‌ಗಳನ್ನು ಅಂಗಡಿಯ ಹಿಂದೆ ಹಿಮದ ಮೇಲೆ ಇಟ್ಟೆವು. ಮೊದಲನೆಯದು ಕಬ್ಬಿಣದ ಚೌಕಟ್ಟಿನದು, ಅಗ್ಗದ್ದು. ಹಗ್ಗ ಎಳೆದದ್ದೇ ತಡ, ಛಾವಣಿಯ ಮೇಲಿದ್ದ ಕಾಗೆಗಳೆಲ್ಲ ಎದ್ದು ಹಾರಿದವು.

"ಇದನ್ನ ಸ್ಮಶಾನದಲ್ಲಿ ಹಚ್ಚಿದ್ರೆ ಮಲಗಿರೋರು ಎದ್ದು ಬೈತಾರೆ," ಎಂದರು ಮಾವ.

ಎರಡನೆಯದು ಪುಟ್ಟದು, ಸಾವಿರ ವಾಟಿನದು. ಒಂದೇ ಕೈಯಲ್ಲಿ ಎತ್ತಬಹುದು, ಸದ್ದೂ ಮೆಲ್ಲಗೆ. ನನಗೆ ನೋಡಿದ ಕೂಡಲೇ ಹಿಡಿಸಿತು. ಆಕ್ಸಿಜನ್ ಯಂತ್ರ ಸಿಕ್ಕಿಸಿದೆವು, ನಡೆಯಿತು. ಅದರ ಜೊತೆ ಮೇವಿಸ್ ಹೀಟರ್ ಸಿಕ್ಕಿಸಿದಳು. ಹೀಟರಿನ ಫ್ಯಾನ್ ಶುರುವಾದ ಕ್ಷಣ ಜನರೇಟರ್ ಒಮ್ಮೆ ಹೂಂಕರಿಸಿ, ಕೆಂಪು ದೀಪ ತೋರಿಸಿ ಸೋತಿತು.

"ಒಬ್ಬೊಬ್ಬರನ್ನೇ ಸಾಕತ್ತೆ. ಇಬ್ಬರು ಒಟ್ಟಿಗೆ ಕೂತ್ರೆ ಆಗಲ್ಲ," ಎಂದಳು ಮೇವಿಸ್.

ಮೂರನೆಯದು ಎರಡು ಸಾವಿರ ವಾಟಿನದು, ಸುತ್ತ ಪ್ಲಾಸ್ಟಿಕ್ ಕವಚ ಮುಚ್ಚಿದ್ದು. ಎತ್ತಿದರೆ ಸೊಂಟ ಹಿಡಿಯುತ್ತದೆ, ಆದರೆ ಒಬ್ಬಳೇ ಎತ್ತಬಲ್ಲೆ. ದಪ್ಪ ಕೈಗವಸು ತೆಗೆಯದೆಯೇ ಅದರ ಹಗ್ಗ ಎಳೆಯಲು ಬರುತ್ತದೆ. ನಮ್ಮ ಚಳಿಯಲ್ಲಿ ಇದು ಸಣ್ಣ ಮಾತಲ್ಲ. ಯಂತ್ರವನ್ನೂ ಹೀಟರನ್ನೂ ಒಟ್ಟಿಗೆ ಹೊತ್ತಿತು. ಕರೆಂಟ್ ಏರುಪೇರಾದರೆ ಆಕ್ಸಿಜನ್ ಯಂತ್ರದ ದೀಪ ಹಳದಿಯಾಗಿ ಮಿನುಗುತ್ತದೆ. ಅದು ಹಸಿರಾಗಿಯೇ ಇತ್ತು. ಒಮ್ಮೆ ತುಂಬಿಸಿದ ಪೆಟ್ರೋಲ್ ಕತ್ತಲಾದ ಮೇಲೂ ಉಳಿಯುತ್ತದೆ ಎಂದಳು ಮೇವಿಸ್.

ಮಾವ ಇದು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಸಿಲಿಂಡರ್ ಹೆಗಲಿಗೆ ಹಾಕಿಕೊಂಡು, ನಮಗೆ ಬೆನ್ನು ಹಾಕಿ, ಬೇಲಿಯವರೆಗೆ ನಡೆದು ಕಣ್ಣು ಮುಚ್ಚಿ ನಿಂತರು. ಆಮೇಲೆ ರಸ್ತೆಯ ಕಂಬದವರೆಗೆ ಹೋಗಿ ಅಲ್ಲೂ ಹಾಗೇ ನಿಂತರು. ಟೋಪಿಯ ಕಿವಿ ಮೇಲಕ್ಕೆ ಮಡಚಿ ಕೇಳಿದರು. ನಾಲ್ಕು ಹೆಜ್ಜೆಗೊಮ್ಮೆ ಸುಧಾರಿಸಿಕೊಳ್ಳುತ್ತ ವಾಪಸು ಬಂದರು.

"ಇನ್ನೂ ಕೇಳಿಸ್ತಿದೆ."

"ಆರ್ವಿಡ್, ಚರ್ಚಲ್ಲಿ ಪಾದ್ರಿ ಮಾತಾಡೋವಾಗ ನೀವು ಹೊಡೆಯೋ ಗೊರಕೆ ಇದಕ್ಕಿಂತ ಜೋರು. ಯಾರಾದ್ರೂ ನಿಮ್ಮ ಪ್ಲಗ್ ಕಿತ್ಕೊಂಡಿದ್ದಾರಾ?" ಎಂದಳು ಮೇವಿಸ್.

ಮಾವ ಮುಖ ಸಿಂಡರಿಸಿಕೊಂಡು ಟ್ರಕ್ಕಿನೊಳಗೆ ಹೋಗಿ ಕೂತರು. ನಾನು ಮೂರನೆಯದನ್ನೇ ತೆಗೆದುಕೊಂಡೆ, ಜೊತೆಗೆ ಆ ಹೀಟರನ್ನೂ. ಹೊರಡುವಾಗ ಮೇವಿಸ್ ಕಿಟಕಿಗೆ ಬಗ್ಗಿ, ನನಗಲ್ಲ, ಮಾವನಿಗೆ ಹೇಳಿದಳು: "ಒಂದು ಮಾತು. ಇದರ ಸುತ್ತ ಜಾಗ ಬಿಡಬೇಕು. ಡಬ್ಬಿಯಲ್ಲಿ ಮುಚ್ಚೋದು, ಹಿಮ ಒತ್ತೋದು, ಅದೆಲ್ಲ ಬೇಡ. ಹೊಗೆ ಬಾಗಿಲ ಕಡೆ ತಿರುಗಿರಬಾರದು. ಗೊತ್ತಾಯ್ತಾ?"

"ನಾನೇನು ಮಗುವೇ?" ಎಂದರು ಮಾವ.

ಆ ಶನಿವಾರ ನನ್ನ ಗಂಡ ಕರ್ಟಿಸ್ ಗಣಿಯ ಪಾಳಿಗೆ ಹೋಗುವ ಮುಂಚೆ ಮೀನುಮನೆಯನ್ನು ಗಡ್ಡೆಯ ಮೇಲೆ ಎಳೆದುಕೊಟ್ಟ. ಮಾವ ತಮ್ಮ ಎಂದಿನ ಜಾಗದಲ್ಲಿ ನಿಲ್ಲಿಸಲು ಬಿಡಲಿಲ್ಲ. ಕೆಳಗೆ ನೆಲ ಹಠಾತ್ತನೆ ಆಳವಾಗುವ ಜಾಗ ಅದು. ಮುಸ್ಸಂಜೆ ವಾಲೈ ಮೀನು ಮೇಲೇರಿ ಬರುವ ದಾರಿ. ಮದುವೆಗೂ ಮುಂಚಿನಿಂದ ಅವರು ಕೂತ ಜಾಗ. ಅದನ್ನು ಬಿಟ್ಟು, ಸಾಲಿನಿಂದ ದೂರ, ಜೊಂಡಿನ ಮೂಲೆಗೆ ಹೋಗಿ ಎಂದರು.

"ಅಲ್ಲಿ ಏನಿದೆ ಮಾವ? ಕಪ್ಪೆನೂ ಇರಲ್ಲ," ಅಂದೆ.

"ಅಲ್ಲಿಂದ ಅವರಿಗೆ ಸದ್ದು ಕಮ್ಮಿ ಕೇಳತ್ತೆ."

ಕರ್ಟಿಸ್ ನನ್ನ ಮುಖ ನೋಡಿದ. ಹೋಗಲಿ ಬಿಡು ಎಂದು ಕಣ್ಣಲ್ಲೇ ಹೇಳಿದೆ. ಗಡ್ಡೆಯವರೆಗೂ ಬಂದರಲ್ಲ, ನನಗೆ ಅದೇ ದೊಡ್ಡದಾಗಿತ್ತು.

ನಾವು ಸಾಲಿನ ಮುಂದೆ ಹಾದು ಹೋಗುವಾಗ ಎಲ್ರಾಯ್ ತನ್ನ ಬಾಗಿಲಲ್ಲಿ ನಿಂತಿದ್ದ. ಕರ್ಟಿಸ್‌ನ ಟ್ರಕ್ಕಿನ ಹಿಂದಿದ್ದ ಜನರೇಟರ್ ನೋಡಿದ, ಮಾವನ ಕೊಳವೆ ನೋಡಿದ. ಗಲ್ಲ ಮೇಲೆತ್ತಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಬಾಗಿಲು ಹಾಕ್ಕೊಂಡ. ನಾನಾಗಿದ್ರೂ ಹಾಕ್ಕೋತಿದ್ದೆ," ಎಂದರು ಮಾವ. ಅವರ ಕಿವಿ ಕೆಂಪಾಗಿತ್ತು, ಚಳಿಗೆ ಮಾತ್ರವಲ್ಲ.

ಮನೆ ಕೂರಿಸಿ, ಗಡ್ಡೆ ಕೊರೆದು, ಗೋಡೆಯ ಬುಡಕ್ಕೆ ಸುತ್ತಲೂ ಹಿಮ ಒತ್ತಿದೆ. ಕೆಳಗಿನಿಂದ ಗಾಳಿ ನುಗ್ಗದಿರಲೆಂದು ಇಲ್ಲಿ ಎಲ್ಲರೂ ಹೀಗೆ ಮಾಡುತ್ತಾರೆ. ಹಿಮ ಒತ್ತದೆ ಬಿಟ್ಟ ಮನೆ ಕಂಡರೆ ನಮ್ಮವರಿಗೆ ಕೈ ಸುಮ್ಮನಿರುವುದಿಲ್ಲ. ಪಕ್ಕದವರದಾದರೂ ಹೋಗಿ ಒತ್ತಿ ಬರುತ್ತಾರೆ. ಜನರೇಟರನ್ನು ಹಿಂಬದಿಗಿಟ್ಟು, ಹೊಗೆ ಆಚೆ ಕಡೆ ಹೋಗುವಂತೆ ತಿರುಗಿಸಿ, ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಶುರುವಾಯಿತು. ಹೊಗೆ ಒಳಗೆ ಬಂದರೆ ಕೂಗಿಕೊಳ್ಳುವ ಡಬ್ಬಿಯನ್ನು ಬೆಂಚಿನ ಮೇಲ್ಗಡೆ ನೇತುಹಾಕಿದೆ.

"ಹೊರಗಿರೋ ಅದಕ್ಕೂ ಒಂಚೂರು ಹಿಮ ಒತ್ತಬಾರದಾ?" ಎಂದರು ಮಾವ.

"ಮೇವಿಸ್ ಏನು ಹೇಳಿದ್ಲು?"

"ಅವಳು ಅಂಗಡಿಯಲ್ಲಿ ಕೂತು ಹೇಳ್ತಾಳೆ."

ಪೀಡೆ ತಪ್ಪಲಿ ಎಂದು ಸಾಲಿನ ಕಡೆಗೆ ಮಾತ್ರ, ನಾಲ್ಕು ಹೆಜ್ಜೆ ಬಿಟ್ಟು, ಸೊಂಟದೆತ್ತರದ ಒಂದು ಹಿಮದ ಗೋಡೆ ಎಬ್ಬಿಸಿದೆ. ಉಳಿದ ಕಡೆ ಬಯಲು. ಆಮೇಲೆ ಮರಿಮೀನಿನ ಬಕೆಟ್ಟು, ಊಟದ ಡಬ್ಬಿ, ಇಸ್ಪೀಟು ಎಲ್ಲವನ್ನೂ ತರಲು ದಡದಲ್ಲಿ ಬಿಟ್ಟು ಬಂದಿದ್ದ ನನ್ನ ಟ್ರಕ್ಕಿಗೆ ಹೋದೆ. ನಾನು ವಾಪಸು ಬರುವಾಗ ಮಾವ ಒಳಗೆ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಬೂಟಿನ ಮೇಲೆಲ್ಲ ಹಸಿ ಹಿಮ. ನನಗೆ ಆಗಲೇ ಅನುಮಾನ ಬರಬೇಕಿತ್ತು, ಆದರೆ ನಾನು ನೋಡಿದ್ದು ಅವರ ತುಟಿಯ ಬಣ್ಣ. ಯಂತ್ರದ ಕೊಳವೆ ಸಿಕ್ಕಿಸಿ, ಬಣ್ಣ ತಿರುಗುವವರೆಗೆ ಕಾದೆ.

ಬಿಸಿಗಾಳಿ ಬೀಸಿತು. ತೂತಿನಲ್ಲಿ ನೀರು ಕಪ್ಪಗೆ ಮಿನುಗಿತು. ಮಾವ ಕೈಗವಸು ತೆಗೆದು, ಮರಿಮೀನನ್ನು ಬೆನ್ನಿಗೆ ಮಾತ್ರ ಚುಚ್ಚಿ ಗಾಳ ಇಳಿಬಿಟ್ಟರು. ಬೆರಳು ನಡುಗುತ್ತಿರಲಿಲ್ಲ. ಅವರ ಮುಖ ನೋಡಿ ನನಗೆ ಅಳು ಬಂತು, ಮರಿಮೀನಿನ ಬಕೆಟ್ಟು ಸರಿಸುವ ನೆಪದಲ್ಲಿ ಆ ಕಡೆ ತಿರುಗಿದೆ.

"ಜೋರಾಗಿದೆಯಾ?" ಎಂದರು.

"ಏನು?"

"ಅದು."

"ಇಲ್ಲ ಮಾವ."

ಸ್ವಲ್ಪ ಹೊತ್ತು ಬಿಟ್ಟು, "ಈಗ?" ಎಂದರು. ಊಟದ ಡಬ್ಬಿ ಬಿಚ್ಚಿದೆ, ಆಲೂಗಡ್ಡೆ ಮತ್ತು ಮಾಂಸ ಸೇರಿಸಿ ಒಲೆಯಲ್ಲಿ ಬೇಯಿಸಿದ್ದು. ಉಪ್ಪು ಜಾಸ್ತಿ ಎಂದರು. ನನಗೆ ತುಂಬ ಸಂತೋಷವಾಯಿತು. ಇಸ್ಪೀಟು ಆಡಿದೆವು, ನನಗೆ ಸುಳ್ಳು ಲೆಕ್ಕ ಹೇಳಿ ಎರಡು ಆಟ ಗೆದ್ದರು. ಗಾಳ ಮಾತ್ರ ಅಲುಗಲಿಲ್ಲ. ಜೊಂಡಿನ ಮೂಲೆಯಲ್ಲಿ ಅಲುಗುವುದಾದರೂ ಹೇಗೆ. ಅವರು ಒಂದೇ ಒಂದು ಸಲ, ಕಿಟಕಿಯಿಂದ ತಮ್ಮ ಹಳೆಯ ಜಾಗದ ಕಡೆ ನೋಡಿದರು. ಎಲ್ರಾಯ್‌ನ ಮನೆಯ ಪಕ್ಕ ಅಷ್ಟು ಜಾಗ ಖಾಲಿ ಬಿದ್ದಿತ್ತು.

ಸೂರ್ಯ ಮುಳುಗುತ್ತಿದ್ದ ಹಾಗೆ ಗಾಳಿ ದಿಕ್ಕು ಬದಲಿಸಿತು. ಜನರೇಟರ್ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ನಿಂತುಹೋಯಿತು.

ಹೀಟರಿನ ಫ್ಯಾನ್ ನಿಂತಿತು. ಆಕ್ಸಿಜನ್ ಯಂತ್ರ ಚೀರತೊಡಗಿತು. ಇದನ್ನು ಮನೆಯಲ್ಲಿ ಮಾಡಿ ಮಾಡಿ ಕೈಗೆ ಅಭ್ಯಾಸವಾಗಿತ್ತು. ಸಿಲಿಂಡರಿನ ಕೀಲಿ ತಿರುವಿ, ಕೊಳವೆ ಬದಲಿಸಿ, "ಮೆಲ್ಲಗೆ ಉಸಿರಾಡಿ, ಏಳಬೇಡಿ," ಎಂದು ಹೊರಗೆ ಓಡಿದೆ.

ಹಿಂಬದಿಗೆ ಹೋಗಿ ನೋಡಿದರೆ ಜನರೇಟರ್ ಕಾಣುತ್ತಲೇ ಇಲ್ಲ. ನಾನು ಬಯಲು ಬಿಟ್ಟಿದ್ದ ಕಡೆಯೆಲ್ಲ ಮಾವ ಹಿಮ ತಂದು, ಚೆನ್ನಾಗಿ ಒತ್ತಿ, ಮೇಲೆ ಹಳೆಯ ಹಲಗೆ ಮುಚ್ಚಿ, ಹಲಗೆಯ ಮೇಲೂ ಹಿಮ ಹಾಕಿ ಬೂಟಿನಿಂದ ತಟ್ಟಿದ್ದರು. ಹೊಗೆ ಹೋಗಲು ಬಿಟ್ಟಿದ್ದ ಒಂದೇ ಒಂದು ಸಂದಿಗೆ ತಿರುಗಿದ ಗಾಳಿ ಪುಡಿಹಿಮ ತುಂಬಿತ್ತು. ಪಾಪದ ಯಂತ್ರ ತನ್ನ ಹೊಗೆಯನ್ನೇ ಉಸಿರಾಡಿ ಉಸಿರಾಡಿ ಉಸಿರುಗಟ್ಟಿ ನಿಂತಿತ್ತು.

"ನಿಮ್ಮ ಹಠಕ್ಕೆ ಬೆಂಕಿ ಬೀಳ," ಎಂದು ಬೈಯುತ್ತ ಹಲಗೆ ಎಳೆದು ಬಿಸಾಡಿದೆ. ಕೈಯಿಂದಲೇ ಹಿಮ ಬಗೆದೆ. ಕೇಳುವುದಕ್ಕೆ ನನ್ನ ಬೈಗುಳ ಬಿಟ್ಟರೆ ಕೊಲ್ಲಿಯಲ್ಲಿ ಏನೂ ಇರಲಿಲ್ಲ. ಮಾವ ಬಯಸಿದ್ದ ಮೌನ ಪೂರ್ತಿಯಾಗಿ ಸಿಕ್ಕಿತ್ತು.

ಆಗ ಸಾಲಿನ ಕಡೆಯಿಂದ ಒಂದು ಬಾಗಿಲು ಧಡ್ ಎಂದು ಬಿಚ್ಚಿಕೊಂಡಿತು. ಅದರ ಹಿಂದೆಯೇ ಇನ್ನೊಂದು. ತಿರುಗಿ ನೋಡಿದೆ. ಸಾಲಿನ ಅಷ್ಟೂ ಮನೆಗಳಿಂದ ಲಾಟೀನು ಹಿಡಿದವರು ಗಡ್ಡೆಯ ಮೇಲೆ ನಮ್ಮ ಕಡೆ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಎಲ್ರಾಯ್. ಟೋಪಿಯಿಲ್ಲ, ಕೋಟಿಲ್ಲ, ಕಾಲಲ್ಲಿ ಬೂಟು ಕೂಡ ಇಲ್ಲ. ಉಣ್ಣೆಯ ಕಾಲುಚೀಲದಲ್ಲೇ ಜಾರುತ್ತ ಓಡಿ ಬಂದ. ದಾರಿಯಲ್ಲಿ ಒಮ್ಮೆ ಬಿದ್ದು ಎದ್ದ.

"ಉಸಿರಿದೆಯಾ ಅವರಿಗೆ?" ಎಂದ.

"ಸಿಲಿಂಡರ್ ಹಾಕಿದ್ದೀನಿ. ಚೆನ್ನಾಗಿದ್ದಾರೆ. ಈ ಹಿಮ ನೋಡಿ."

ಅವನು ಗೋಡೆ ನೋಡಿದ. ಯಾರು ಕಟ್ಟಿದ್ದೆಂದು ಕೇಳುವ ಅಗತ್ಯ ಬೀಳಲಿಲ್ಲ. ಇಬ್ಬರೂ ಸೇರಿ ಜನರೇಟರನ್ನು ಎತ್ತಿ ಬಯಲಿಗಿಟ್ಟೆವು. ಒಳಗಿನ ಪುಡಿಹಿಮ ಕೊಡವಿ, ಬಟ್ಟೆಯಿಂದ ಒರೆಸಿ, ಹಗ್ಗ ಎಳೆದ. ಹತ್ತಲಿಲ್ಲ. ಜೇಬಿಗೆ ಕೈ ಹಾಕಿ ಒಂದು ಸ್ಪಾರ್ಕ್ ಪ್ಲಗ್ ತೆಗೆದ. "ಕೈಗೆ ಸಿಕ್ಕಿದ್ದು ತಂದೆ. ಇದಕ್ಕೆ ಕೂರತ್ತೋ ಇಲ್ವೋ," ಎಂದ. ಅದು ಬೇಕಾಗಲಿಲ್ಲ. ಇನ್ನೆರಡು ಸಲ ಎಳೆದಾಗ ಜನರೇಟರ್ ಎದ್ದಿತು. ಒಳಗೆ ಯಂತ್ರದ ಚೀರಾಟ ನಿಂತು ಗುಯ್ ಎಂದು ಶುರುವಾಯಿತು.

ಏಳಬೇಡಿ ಎಂದು ನಾನು ಹೇಳಿದ್ದರೂ ಮಾವ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ಲಾಟೀನುಗಳ ಸಾಲು ನೋಡಿದರು. ಎಲ್ರಾಯ್‌ನ ಕಾಲು ನೋಡಿದರು.

"ಬೂಟೆಲ್ಲೋ?" ಎಂದರು. ಅಷ್ಟು ವರ್ಷಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು.

"ಒಣಗಕ್ಕೆ ಇಟ್ಟಿದ್ದೆ ಯಜಮಾನ್ರೇ. ಸದ್ದು ನಿಂತೋಯ್ತು, ಹಂಗೇ ಬಂದೆ."

"ಕೇಳಿಸ್ತಿತ್ತಾ ನಿಂಗೆ?" ಮಾವನ ದನಿ ಸಣ್ಣದಾಯಿತು. "ಇಷ್ಟು ದೂರ ಇಟ್ಟೂ ಕೇಳಿಸ್ತಿತ್ತಾ?"

"ಎಲ್ಲಿ ಕೇಳಿಸತ್ತೆ. ಮಧ್ಯಾಹ್ನದಿಂದ ಕಿಟಕಿ ತೆಗೆದು ಕಿವಿ ಆ ಕಡೆ ಕೊಟ್ಟು ಕೂತಿದ್ದೀನಿ. ಗಾಳಿ ಬಂದ್ರೆ ನಿಂತಿದೆಯೋ ನಡೀತಿದೆಯೋ ಗೊತ್ತಾಗಲ್ಲ. ಎರಡು ಸಲ ಎದ್ದು ಅರ್ಧ ದಾರಿ ಬಂದು ನೋಡಿ ಹೋದೆ." ಅವನು ಚಳಿಗೆ ಹಲ್ಲು ಕಟಕಟಿಸುತ್ತಿದ್ದ. "ನಾಳೆ ನಿಮ್ಮ ಮನೆ ಹಳೇ ಜಾಗಕ್ಕೆ ಎಳ್ಕೊಂಡು ಬನ್ನಿ. ನನ್ನ ಗೋಡೆ ಪಕ್ಕಾನೇ ಇಡಿ ಅದನ್ನ. ನೀವು ಇಲ್ಲಿ ಕೂತ್ರೆ ನನಗೆ ಮೀನು ಹಿಡಿಯಕ್ಕಾಗಲ್ಲ."

"ಮೀನು ಓಡಿಹೋಗತ್ತೆ ಕಣೋ."

"ಓಡ್ಲಿ."

ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಅವರ ಕಣ್ಣಿನಿಂದ ನೀರು ಇಳಿದು ಕೊಳವೆಯ ಮೇಲೆ ಹರಿಯಿತು. ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಒಳಗೆ ತಿರುಗಿ ತಮ್ಮ ಇನ್ನೊಂದು ಜೊತೆ ಬೂಟು ತಂದು ಎಲ್ರಾಯ್‌ನ ಮುಂದೆ ಇಟ್ಟರು. ಅವನು ಹಾಕಿಕೊಂಡ. ಲಾಟೀನುಗಳು ಒಂದೊಂದಾಗಿ ಸಾಲಿಗೆ ಮರಳಿದವು. ಅವರವರ ಬಾಗಿಲು ಹಾಕಿಕೊಂಡರು, ಆದರೆ ಕಿಟಕಿಗಳನ್ನು ತೆರೆದೇ ಇಟ್ಟದ್ದು ನಮಗೆ ಕಂಡಿತು.

ನಾನು ಸಾಮಾನು ಕಟ್ಟಲು ಹೊರಟೆ. ಮಾವ ಬೆಂಚಿನ ಮೇಲೆ ಕೂತು ಗಾಳ ಮೇಲೆಳೆದು, ಹೊಸ ಮರಿಮೀನು ಚುಚ್ಚಿ ಮತ್ತೆ ಇಳಿಬಿಟ್ಟರು.

"ಇನ್ನೊಂದು ಸ್ವಲ್ಪ ಹೊತ್ತು ಕೂರೋಣ," ಎಂದರು. "ಡೊರೀನ್, ನೀನು ಕಟ್ಟಿದ ಆ ಗೋಡೆ ಇದೆಯಲ್ಲ, ಅದನ್ನೂ ಕೆಡವಿಬಿಡಮ್ಮ. ಅವನಿಗೆ ಸರಿಯಾಗಿ ಕೇಳಿಸಲ್ಲ."